ಬಾಗಿಲು ತೆಗೆದರೆ ಪ್ಲಾಟ್‌ಫಾರಂ

ಹೆಂಡತಿಯನ್ನು ಸ್ಟೇಷನ್ನಿನ ಹೆಸರಿನ ಹಲಗೆ ಕೆಳಗೆ ಮುಕ್ಕಾಲು ಗಂಟೆ ನಿಲ್ಲಿಸಿದವರನ್ನು ಮಂಟಯ್ಯ ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಅವನಿಗಿಲ್ಲ. ಅವಳ ಕೈಯಲ್ಲಿ ಎರಡು ಕಟ್ಟು ಕೊತ್ತಂಬರಿ ಸೊಪ್ಪು, ಅರ್ಧ ಕೇಜಿ ಟೊಮೇಟೊ ಇದ್ದವು. ಯಾರ ಗಂಟನ್ನೂ ಅವಳು ಹೊಡೆದಿರಲಿಲ್ಲ. ಅಂಗಡಿಗೆ ಹೋಗಿ ತನ್ನ ಮನೆಗೆ ತಾನು ವಾಪಸ್ ಬರುತ್ತಿದ್ದಳು, ಅಷ್ಟೆ. ಮುಂದಿನ ಗಾಡಿಗೆ ಬರುವ ಟಿಕೆಟ್ಟಿಲ್ಲದವರನ್ನು ಹಿಡಿಯಬೇಕೆಂದು ಜೀಪಿನಲ್ಲಿ ಬಂದು ಕಾದಿದ್ದ ಕಪ್ಪು ಕೋಟಿನ ಮೂವರು, ಗಾಡಿ ಬರುವ ಮೊದಲೇ ಕೈಗೆ ಸಿಕ್ಕವಳನ್ನು ತಡೆದರು.

"ಟಿಕೆಟ್ ಎಲ್ಲಮ್ಮ?"

"ನಾನು ಗಾಡೀಲಿ ಬರ್ಲಿಲ್ಲ ಕಣ್ರಪ್ಪ. ಅಗೋ, ಅದೇ ನಮ್ಮನೆ," ಎಂದು ಸಿದ್ದಲಿಂಗಮ್ಮ ಕೈ ತೋರಿಸಿದಳು.

"ಮನೆ ಎಲ್ಲಾದ್ರೂ ಇರ್ಲಿ. ಪ್ಲಾಟ್‌ಫಾರಂ ಮೇಲೆ ಇದ್ದೀಯಲ್ಲ, ಟಿಕೆಟ್ ತೋರ್ಸು."

"ನಮ್ಮನೆಗೆ ನಾವು ಹೋಗಕ್ಕೂ ಟಿಕೆಟ್ಟಾ?"

ಅದಕ್ಕೆ ಮೂವರೂ ನಕ್ಕರಂತೆ. ದಂಡ ಕಟ್ಟಿದ್ದಕ್ಕಿಂತ ಆ ನಗುವಿಗೇ ಮಂಟಯ್ಯ ಹೆಚ್ಚು ಉರಿದ. ಅವತ್ತು ಅವನು ದೊಡ್ಡ ಸ್ಟೇಷನ್ನಿಗೆ ಹೋಗಿದ್ದ. ಗುಂಡುತೋಪು ಹಾಲ್ಟಿನ ಟಿಕೆಟ್ ಏಜೆಂಟ್ ಅವನೇ. ವಾರಕ್ಕೊಂದು ಸಲ ಎರಡು ಗಾಡಿಗಳ ನಡುವಿನ ಹೊತ್ತಿನಲ್ಲಿ ಓಡಿಹೋಗಿ ಹೊಸ ಟಿಕೆಟ್ಟಿನ ಕಟ್ಟು ತರಬೇಕು. ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಗಾಡಿ ಇಳಿದು ನೋಡುತ್ತಾನೆ, ಹೆಂಡತಿ ಹಲಗೆಯ ಕೆಳಗೆ ತಲೆ ತಗ್ಗಿಸಿ ನಿಂತಿದ್ದಾಳೆ, ಸುತ್ತ ಜನ.

"ರೀ ಸ್ವಾಮಿ, ಇವ್ಳು ನನ್ನೆಂಡ್ತಿ! ನಾನಿಲ್ಲಿ ಏಜೆಂಟು!"

"ಏಜೆಂಟಾದ್ರೆ ರೂಲ್ಸು ಮೊದ್ಲು ನಿಮಗೇ ಗೊತ್ತಿರ್ಬೇಕಲ್ರೀ."

"ಹಂಗಾದ್ರೆ ಪ್ಲಾಟ್‌ಫಾರಂ ಟಿಕೆಟ್ ಕೊಡಿ, ಅದನ್ನೇ ತಗಂಡು ಓಡಾಡ್ತೀವಿ."

"ಹಾಲ್ಟಿಗೆ ಪ್ಲಾಟ್‌ಫಾರಂ ಟಿಕೆಟ್ ಇಲ್ಲ. ಊರಿಗೋಗೋ ಟಿಕೆಟ್ಟೇ ಇರ್ಬೇಕು."

ಮಂಟಯ್ಯ ಅವರಲ್ಲೊಬ್ಬನ ಕೊರಳಪಟ್ಟಿಗೆ ಕೈ ಹಾಕುವುದರಲ್ಲಿದ್ದ. ಸಿದ್ದಲಿಂಗಮ್ಮ ಟೊಮೇಟೊ ಚೀಲವನ್ನು ಅವನ ಕೈಗೆ ತುರುಕಿದ್ದರಿಂದ ಕೈ ಖಾಲಿ ಇರಲಿಲ್ಲ. ಹಾಗಾಗಿ ಆ ಕೋಟಿನವನು ಉಳಿದ.

ಮನೆಗೆ ಹೋಗಲು ಟಿಕೆಟ್ ಬೇಕಾಗುವ ಹಾಗೆ ಮನುಷ್ಯ ಎಲ್ಲಿ ಮನೆ ಕಟ್ಟುತ್ತಾನೆ ಎಂದು ಕೇಳುವವರು ಕೇಳುತ್ತಾರೆ. ಅವನು ಕಟ್ಟಲಿಲ್ಲ. ಮನೆ ಅಲ್ಲಿಯೇ ಇತ್ತು, ಸ್ಟೇಷನ್ನು ಆಮೇಲೆ ಬಂತು.

ಚಾಮರಾಜಪುರಂ ದಾಟಿ ನಂಜನಗೂಡಿನ ಕಡೆಗೆ ಹೋಗುವ ಹಳಿಯ ಪಕ್ಕ ಹಿಂದೆ ಒಂದು ಮಾವಿನ ತೋಪಿತ್ತು. ಅದರ ಅಂಚಿಗೆ ಮಂಟಯ್ಯನ ತಾತನ ಗುಡಿಸಲು. ತೋಪು ಕಡಿದು ಅಲ್ಲಿ ಸ್ಟೇಷನ್ ಮಾಡುತ್ತಾರೆ ಅಂದಾಗ ಕಲ್ಲು ಹೊತ್ತದ್ದು ತಾತ. ಪ್ಲಾಟ್‌ಫಾರಂ ಅಂಚಿನ ಒಂದೊಂದು ಚಪ್ಪಡಿಯನ್ನೂ ನಾಲ್ಕು ಜನ ಬಿದಿರಿಗೆ ಕಟ್ಟಿ ತಂದು ಇಳಿಸಿದರು. ಸ್ಟೇಷನ್ನಿನ ಬಾವಿ ತೋಡಿದ್ದೂ ಅವನೇ, ಅವನ ಅಣ್ಣತಮ್ಮಂದಿರೇ. ಹದಿನೆಂಟು ಮಟ್ಟು ಆಳಕ್ಕೆ ನೀರು ಬಂತು. ನೀರು ಬಂದ ಮೇಲೆ, ತೋಡಿದವರೇ ಆ ಬಾವಿಗೆ ಹಗ್ಗ ಬಿಡುವ ಹಾಗಿಲ್ಲ ಎಂದು ಊರ ಮೇಲುಕುಲದವರು ಅಂದರು. ಯಾರಾದರೂ ಸೇದಿ ಮೇಲಿಂದ ಸುರಿದರೆ ಬೊಗಸೆ ಒಡ್ಡಬೇಕು. ತಾತ ಒಡ್ಡಲಿಲ್ಲ. ಸಾಯುವ ತನಕ ಕಾಲುವೆಯಿಂದಲೇ ನೀರು ಹೊತ್ತ. ಸಿಟ್ಟು ಆ ಮನೆಗೆ ಆಸ್ತಿಯ ಹಾಗೆ ಬಂದದ್ದು ಅಲ್ಲಿಂದ.

ಅಪ್ಪ ಸಿದ್ದಪ್ಪಾಜಿಯ ಕಾಲಕ್ಕೆ ಗುಂಡುತೋಪು ಗಟ್ಟಿಯಾದ ಸ್ಟೇಷನ್ನು. ಮಂಗಳೂರು ಹೆಂಚಿನ ಕಟ್ಟಡ, ಸ್ಟೇಷನ್ ಮಾಸ್ತರು, ಇಬ್ಬರು ಪೋರ್ಟರು, ಗೂಡ್ಸ್ ಶೆಡ್ಡು, ಪಕ್ಕದಲ್ಲಿ ಅಕ್ಕಿ ಗಿರಣಿ. ಸಿದ್ದಪ್ಪಾಜಿ ಅಲ್ಲಿ ಪೋರ್ಟರಾದ. ಗಾಡಿ ಬರುವಾಗ ಬೆತ್ತದ ದೊಡ್ಡ ಬಳೆಯೊಂದನ್ನು ಎತ್ತಿ ಹಿಡಿಯುವುದು ಅವನ ಕೆಲಸ. ಬಳೆಗೆ ಒಂದು ಚರ್ಮದ ಚೀಲ, ಚೀಲದೊಳಗೆ ಕಬ್ಬಿಣದ ಗುಂಡು. ಆ ಗುಂಡು ಕೈಗೆ ಬಂದರೇ ಮುಂದಿನ ಹಳಿ ಖಾಲಿ ಇದೆ ಎಂದು ಅರ್ಥ. ಅದಿಲ್ಲದೆ ಡ್ರೈವರ್ ಗಾಡಿಯನ್ನು ಒಂದು ಗೇಣು ಸರಿಸುವಂತಿಲ್ಲ.

"ಎಂಥ ದೊರೆ ಒಳಗೆ ಕುಂತಿದ್ರೂ ನನ್ನ ಕೈಲಿ ಬಳೆ ಈಸ್ಕಂಡೇ ಮುಂದಕ್ಕೋಗ್ಬೇಕು ಕಣ್ಲಾ," ಎಂದು ಸಿದ್ದಪ್ಪಾಜಿ ಮಗನಿಗೆ ಹೇಳುತ್ತಿದ್ದ. ಬಾವಿಯ ಹಗ್ಗವನ್ನೂ ಅವನು ಕೇಳದೆಯೇ ಹಿಡಿದ. ಆಗ ಯಾರೂ ಬಾಯಿ ಬಿಡಲಿಲ್ಲ.

ಮಂಟಯ್ಯ ಐದನೇ ಕ್ಲಾಸಿಗೆ ಸ್ಲೇಟು ಬಿಸಾಡಿ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊತ್ತ. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುತ್ತೇವೆಂದು ವರ್ಷಗಟ್ಟಲೆ ಗಾಡಿ ನಿಲ್ಲಿಸಿದರು. ತಿರುಗಿ ಗಾಡಿ ಬರುವಾಗ ಗಿರಣಿ ಮುಚ್ಚಿತ್ತು, ಶೆಡ್ಡು ಬಿದ್ದಿತ್ತು, ಸಿದ್ದಪ್ಪಾಜಿ ಸತ್ತಿದ್ದ. ಮಾಸ್ತರನ್ನು ಕೊಡಲಿಲ್ಲ. ಹೆಂಚಿನ ಕಟ್ಟಡ ಒಡೆದು ಒಂದು ಗೂಡು ಉಳಿಸಿ, ಗುಂಡುತೋಪು ಇನ್ನು ಮೇಲೆ ಬರೀ ಹಾಲ್ಟು, ಟಿಕೆಟ್ ಮಾರಲು ಕಮಿಷನ್ ಮೇಲೆ ಏಜೆಂಟ್ ಬೇಕು ಅಂದರು. ಮಂಟಯ್ಯ ಅರ್ಜಿ ಹಾಕಿದ. ಆ ಗೂಡಿನಲ್ಲಿ ಕೂತು ಹನ್ನೊಂದು ವರ್ಷ ಆಯಿತು.

ಎರಡು ವರ್ಷದ ಹಿಂದೆ ಗೋಡೆ ಬಂತು. ದನ, ಜನ ಹಳಿಗೆ ಬರಬಾರದೆಂದು ಉದ್ದಕ್ಕೂ ಆಳೆತ್ತರದ ಸಿಮೆಂಟ್ ಗೋಡೆ. ಮಂಟಯ್ಯನ ಮನೆಯಿಂದ ರಸ್ತೆಗೆ ಹೋಗುವ ಕಾಲುದಾರಿ ಹಳೇ ಗೂಡ್ಸ್ ಹಳಿಯ ಪಕ್ಕದಲ್ಲಿತ್ತು. ಅದರ ಮೇಲೇ ಗೋಡೆ ಎದ್ದಿತು. ಹಿಂದುಗಡೆ ಗಿರಣಿಯ ಜಾಗ ಆಗಲೇ ಲೇಔಟಾಗಿತ್ತು. ಅವರ ಕಾಂಪೌಂಡು ಇವನ ಬಚ್ಚಲ ಗೋಡೆಗೆ ಅಂಟಿಕೊಂಡಿತ್ತು. ಒಂದು ಸಣ್ಣ ಬಾಗಿಲಿಗೆ ಜಾಗ ಬಿಡಿ ಎಂದು ಕೇಳಿದ್ದಕ್ಕೆ ಅಲ್ಲಿನ ಸಂಘದವರು, "ನಮ್ಮ ರಸ್ತೆ ನಮ್ಮ ಸೈಟಿನವರಿಗೆ ಮಾತ್ರ ಕಣ್ರೀ," ಅಂದರು. ಗೋಡೆ ಕಟ್ಟಿಸುತ್ತಿದ್ದ ಎಂಜಿನಿಯರನ ಮುಂದೆ ಅವನು ಅಂಗಲಾಚಿದ, ಕೂಗಾಡಿದ, ಒಂದು ದಿನ ಸಿಮೆಂಟ್ ಲಾರಿಯ ಮುಂದೆ ಮಲಗಿದ. ಕೊನೆಗೆ ಎಂಜಿನಿಯರ್ ಗೋಡೆಯಲ್ಲಿ ಮೂರಡಿ ಬಿಟ್ಟು, "ಇಗೋ ನಿಮ್ಮ ದಾರಿ," ಅಂದ. ಆ ಮೂರಡಿ ತೆರೆದುಕೊಳ್ಳುವುದು ಪ್ಲಾಟ್‌ಫಾರಂ ಮೇಲೆ. ಪ್ಲಾಟ್‌ಫಾರಂ ತುದಿಯಲ್ಲಿ ಟಿಕೆಟ್ ಗೂಡು, ಗೂಡಿನ ಪಕ್ಕ ಕಬ್ಬಿಣದ ಗೇಟು, ಗೇಟಿನಾಚೆ ರಸ್ತೆ. ಬೇರೆ ದಾರಿ ಇಲ್ಲ. ಹಾಲು, ಗ್ಯಾಸು, ನೆಂಟರು, ನಾಳೆ ಹೆಣ, ಎಲ್ಲವೂ ಪ್ಲಾಟ್‌ಫಾರಂ ಮೇಲೇ ಹೋಗಬೇಕು, ಬರಬೇಕು.

ಸಿದ್ದಲಿಂಗಮ್ಮನನ್ನು ಹಲಗೆ ಕೆಳಗೆ ನಿಲ್ಲಿಸಿದ ಮಾರನೇ ದಿನವೇ ಮಂಟಯ್ಯ ಒಂದು ಕಟ್ಟಳೆ ಮಾಡಿದ. ಇನ್ನು ಮೇಲೆ ಈ ಮನೆಯವರು ಯಾರು ಹೊರಗೆ ಕಾಲಿಟ್ಟರೂ ಟಿಕೆಟ್ ಇಟ್ಟುಕೊಂಡೇ ಇಡಬೇಕು. ಹೋಗಲು ಒಂದು, ಬರಲು ಒಂದು, ಎಲ್ಲವೂ ಚಾಮರಾಜಪುರಂಗೆ, ಕಡಿಮೆ ದರ್ಜೆಯದು. ಅವನೇ ಮುದ್ರೆ ಒತ್ತುತ್ತಿದ್ದ, ಅವನೇ ಕೊಡುತ್ತಿದ್ದ, ತನ್ನ ಜೇಬಿನಿಂದ ತೆಗೆದು ತನ್ನ ಡಬ್ಬಕ್ಕೆ ತಾನೇ ಹಾಕುತ್ತಿದ್ದ. ಗಾರ್ಮೆಂಟ್ಸಿಗೆ ಹೋಗುವ ಮಗಳು ನಯನಾ ಎರಡು ದಿನ ನೋಡಿದಳು.

"ಅಪ್ಪ, ತಿಂಗಳ ಪಾಸ್ ತಗಂಡ್ರೆ ಆಯ್ತಪ್ಪ. ಅರ್ಧಕ್ಕರ್ಧ ಉಳೀತದೆ."

"ಪಾಸ್ ತಗಂಡ್ರೆ ತಿಂಗ್ಳಿಗೊಂದ್ಸಲ ನಾಚ್ಕೆ ಅವ್ರಿಗೆ. ಟಿಕೆಟಾದ್ರೆ ದಿನಾ ನಾಚ್ಕೆ. ಎಲ್ಲಾ ಲೆಕ್ಕಕ್ಕೋಗ್ಲಿ, ಮೇಲ್ನೋರು ಕಣ್ಣುಬುಟ್ಟು ನೋಡ್ಲಿ."

"ಅವ್ರ್ಯಾಕೆ ನಾಚ್ಕಂಡಾರು? ದುಡ್ಡು ಬತ್ತಾ ಅದೆ ಅಂತ ಖುಷಿ ಪಡ್ತಾರೆ."

"ನೀನು ಎರಡಕ್ಷರ ಓದಿದ್ದು ನಂಗೆ ಬುದ್ಧಿ ಹೇಳಕ್ಕಾ?"

ನಯನಾ ಟಿಕೆಟ್ ಹಿಡಿದು ಹೋದಳು. ಹಬ್ಬಕ್ಕೆ ಬಂದ ಸಿದ್ದಲಿಂಗಮ್ಮನ ತಮ್ಮ ನಂಜುಂಡಸ್ವಾಮಿಗೂ ಗೇಟಿನಲ್ಲೇ ಮುದ್ರೆ ಬಿತ್ತು. "ಅಕ್ಕನ ಮನೇಗೆ ಬಂದ್ರೆ ಕಾಫಿ ಕೊಡ್ತಾರೆ ಅನ್ಕಂಡಿದ್ದೆ, ಟಿಕೆಟ್ ಕೊಡ್ತಿದ್ದೀರಲ್ಲ ಭಾವ! ತಿಂಡಿಗೂ ಏನಾರ ಕೌಂಟರ್ ಇಟ್ಟಿದ್ದೀರಾ?" ಎಂದು ಅವನು ಊರೆಲ್ಲ ಹೇಳಿಕೊಂಡು ನಗಾಡಿದ. ಮಂಟಯ್ಯನ ಹಠಕ್ಕೆ ಈ ನಗು ಗೊಬ್ಬರವಾಯಿತು. ದಿನಕ್ಕೆ ಹತ್ತು, ಹನ್ನೆರಡು, ಕೆಲವು ದಿನ ಹದಿನಾಲ್ಕು ಟಿಕೆಟ್ ಗುಂಡುತೋಪಿನಿಂದ ಚಾಮರಾಜಪುರಂಗೆ ಹೋದವು. ಮನುಷ್ಯರು ಮಾತ್ರ ಹೋಗಲಿಲ್ಲ.

ಹೀಗೆ ಏಳು ತಿಂಗಳು ನಡೆಯಿತು. ಒಂದು ಬೆಳಗ್ಗೆ ಗಾಡಿಯಿಂದ ಒಬ್ಬ ಹುಡುಗುಮುಖದ ಇನ್‌ಸ್ಪೆಕ್ಟರ್ ಇಳಿದು, ಗೂಡಿನ ಮುಂದೆ ನಿಂತು ನಮಸ್ಕಾರ ಹೇಳಿದ. ಹೆಸರು ಮನೋಹರ್. ನಮಸ್ಕಾರ ಹೇಳುವ ಅಧಿಕಾರಿಯನ್ನು ಮಂಟಯ್ಯ ಅದುವರೆಗೆ ಕಂಡಿರಲಿಲ್ಲವಾದ್ದರಿಂದ ಎದ್ದು ನಿಂತ.

"ಯಜಮಾನ್ರೇ, ನಿಮ್ಮ ಹಾಲ್ಟಿಂದ ಚಾಮರಾಜಪುರಂಗೆ ದಿನಾ ಹತ್ತು ಹನ್ನೆರಡು ಟಿಕೆಟ್ ಹೋಗ್ತಿದೆ. ನಾನು ಅಲ್ಲಿ ನಾಲ್ಕು ದಿನ ನಿಂತು ನೋಡ್ದೆ. ಈ ಟಿಕೆಟ್ ಹಿಡ್ಕೊಂಡು ಇಳಿದೋರು ಒಬ್ರೂ ಇಲ್ಲ. ಈ ಜನ ಮಧ್ಯದಲ್ಲೇ ಮಾಯ ಆಗ್ತಾರಾ?"

"ಅವ್ರು ಗಾಡಿ ಹತ್ತಿದ್ರೆ ತಾನೆ ಸಾರ್ ಇಳಿಯೋದು? ಮನೇಗೋಗ್ತಾರೆ!"

ಮಂಟಯ್ಯ ಉತ್ಸಾಹದಿಂದ ಎಲ್ಲ ಹೇಳಿದ. ಗೋಡೆ, ಮೂರಡಿ, ಕೊತ್ತಂಬರಿ ಸೊಪ್ಪು, ಮೂವರ ನಗು. ಏಳು ತಿಂಗಳಿಂದ ಯಾರಾದರೂ ಕೇಳಲಿ ಎಂದೇ ಅವನು ಕಾದಿದ್ದ. ಮನೋಹರ್ ಪೂರ್ತಿ ಕೇಳಿಸಿಕೊಂಡ. ಆಮೇಲೆ ಪೆನ್ನಿನ ಮುಚ್ಚಳ ಹಾಕಿದ.

"ನೀವು ಹೇಳೋದು ನಿಜಾನೇ ಇರ್ಬಹುದು. ಆದ್ರೆ ಹಾಲ್ಟ್ ಮುಚ್ಚಿಹೋಗ್ಬಾರ್ದು ಅಂತ ಏಜೆಂಟ್‌ಗಳು ತಾವೇ ಟಿಕೆಟ್ ಕೊಂಡು ಲೆಕ್ಕ ತೋರ್ಸೋದು ನಮಗೆ ಹೊಸದಲ್ಲ. ಮೇಲಿನವ್ರು ಹಂಗೇ ಅನ್ಕೊಳ್ಳೋದು. ಈಗ ಜನ ಇಲ್ಲದ ಹಾಲ್ಟ್‌ಗಳ ಪಟ್ಟಿ ಆಗ್ತಿದೆ. ನಿಮ್ಮ ಟಿಕೆಟ್ ಲೆಕ್ಕ ನಾನು ನಂಬೋ ಹಾಗಿಲ್ಲ. ಸೋಮವಾರದಿಂದ ಏಳು ದಿನ ಇಲ್ಲೇ ಕೂತು ತಲೆ ಎಣಿಸ್ತೀನಿ. ಹತ್ತಿದ ತಲೆ, ಇಳಿದ ತಲೆ. ದಿನಕ್ಕೆ ಎಪ್ಪತ್ತರಂಗೆ ಒಟ್ಟು ನಾನೂರ ತೊಂಬತ್ತು ಬರ್ಬೇಕು."

"ಬರ್ಲಿಲ್ಲ ಅಂದ್ರೆ?"

"ಮುಂದಿನ ಟೈಂ ಟೇಬಲ್‌ನಲ್ಲಿ ಗುಂಡುತೋಪು ಇರಲ್ಲ. ಗೇಟಿಗೆ ಗೋಡೆ ಕಟ್ತಾರೆ. ಪ್ಲಾಟ್‌ಫಾರಂ ಮೇಲೆ ಯಾರೂ ಬರಂಗಿಲ್ಲ."

"ನಮ್ಮನೆ?"

ಮನೋಹರ್ ಚೀಲದಿಂದ ನಕ್ಷೆ ತೆಗೆದು ಮೊಣಕಾಲ ಮೇಲೆ ಬಿಡಿಸಿದ. ಬಹಳ ಹೊತ್ತು ಬೆರಳಾಡಿಸಿದ. "ಇದ್ರಲ್ಲಿ ಮನೆ ಇಲ್ಲ ಯಜಮಾನ್ರೇ. ಬಾವಿ ಇದೆ," ಅಂದ.

ಆ ರಾತ್ರಿ ಮಂಟಯ್ಯ ಊಟ ಮಾಡಲಿಲ್ಲ. ರೈಲ್ವೆಯವರ ಮೋರೆಗೆ ಬೆಂಕಿ ಹಾಕಲು ಹೊರಟವನು ತನ್ನ ಸೂರಿಗೇ ಕಡ್ಡಿ ಗೀರಿದ್ದ. ನಾಚಿಕೆ ಪಡಲಿ ಎಂದು ಕಳಿಸಿದ ಟಿಕೆಟ್ಟುಗಳನ್ನು ಮೇಲಿನವರು ಕಳ್ಳಲೆಕ್ಕ ಎಂದು ಓದಿಕೊಂಡಿದ್ದರು. ಮಗಳು ಪಾಸ್ ಮಾಡಿಸೋಣ ಅಂದಾಗ ಕೇಳಿದ್ದರೆ ಆ ಇನ್‌ಸ್ಪೆಕ್ಟರ್ ಇತ್ತ ತಲೆ ಹಾಕುತ್ತಲೂ ಇರಲಿಲ್ಲವೇನೋ. ಸಿದ್ದಲಿಂಗಮ್ಮ ಅವನ ತಟ್ಟೆ ಮುಚ್ಚಿಟ್ಟು ಮಲಗಿದಳು. ಅವಳು ಒಂದು ಮಾತು ಅಂದಿದ್ದರೆ ಅವನಿಗೆ ಬೈಯಲು ಒಂದು ದಾರಿಯಾದರೂ ಸಿಗುತ್ತಿತ್ತು.

ನಿಜ ಹೇಳಬೇಕೆಂದರೆ ಗುಂಡುತೋಪಿಗೆ ಜನ ಕಡಿಮೆಯಾಗಿದ್ದರು. ಹಿಂದೆ ಬೆಳಗಿನ ಗಾಡಿಯಲ್ಲಿ ನಂಜನಗೂಡಿನ ಕಡೆಯಿಂದ ಸೊಪ್ಪು, ಹೂವು, ಬಾಳೆಕಾಯಿ ಹೊತ್ತ ಹೆಂಗಸರೇ ತುಂಬಿ ಬರುತ್ತಿದ್ದರು. ಬಸ್ಸು ಹೆಂಗಸರಿಗೆ ಉಚಿತವಾದ ಮೇಲೆ ಅವರೆಲ್ಲ ಬಸ್ಸಿಗೆ ಹೋದರು. ಯಾಕೆ ಹೋಗಬಾರದು? ಮಾರ್ಕೆಟ್ಟಿನ ಹತ್ತಿರವೇ ಇಳಿಸುತ್ತದೆ, ಕಾಸು ಕೇಳುವುದಿಲ್ಲ. ಗುಂಡುತೋಪಿನಲ್ಲಿ ಇಳಿದರೆ ಕುಕ್ಕೆ ಹೊತ್ತು ಎರಡೂವರೆ ಕಿಲೋಮೀಟರ್ ನಡೆಯಬೇಕು. ಉಳಿದದ್ದು ಕಾರ್ಖಾನೆಗೆ ಹೋಗುವ ಕೆಲವರು, ಕಾಲೇಜಿನ ಕೆಲವು ಮಕ್ಕಳು.

ಸೋಮವಾರ ಮನೋಹರ್ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಗೇಟಿನ ಪಕ್ಕ ಕೂತ. ಒಂದು ತಲೆಗೆ ಒಂದು ಗೀಟು. ನಾಲ್ಕು ಗೀಟಾದ ಮೇಲೆ ಐದನೆಯದು ಅಡ್ಡ. ಎಂಟು ಗಾಡಿ, ಹೋಗುವವು ನಾಲ್ಕು, ಬರುವವು ನಾಲ್ಕು. ಸಂಜೆಗೆ ನಲವತ್ತೊಂದು. ಮಂಗಳವಾರ ಮೂವತ್ತೆಂಟು. ಮಂಟಯ್ಯ ಗೂಡಿನ ಕಿಂಡಿಯಿಂದ ಆ ಗೀಟುಗಳನ್ನೇ ನೋಡುತ್ತಿದ್ದ. ಎದ್ದು ಹೋಗಿ ನಾಲ್ಕು ಬೀದಿ ತಿರುಗಿ ಜನರನ್ನು ಕರೆಯಬೇಕು ಅನ್ನಿಸುತ್ತಿತ್ತು. ಆದರೆ ಗೂಡು ಬಿಡುವ ಹಾಗಿಲ್ಲ. ಏಜೆಂಟ್ ಜಾಗದಲ್ಲಿಲ್ಲ ಎಂದು ಬರೆದರೆ ಅಲ್ಲಿಗೇ ಮುಗಿಯಿತು. ಗಾಡಿ ಬಂದು ಹೋದ ಮೇಲೂ ಮೂರಡಿಗೆ ನಾಲ್ಕಡಿಯ ಆ ಗೂಡಿನಲ್ಲಿ ಕೂತು, ಹಸಿದ ಹುಲಿಯ ಹಾಗೆ ಬಂದವರ ಮೇಲೆಲ್ಲ ಗುರುಗುಟ್ಟಿದ. ಒಂದು ಕಾಲೇಜು ಹುಡುಗಿ ಚಿಲ್ಲರೆ ಇಲ್ಲ ಅಂದದ್ದಕ್ಕೆ ಗದರಿ, ಅವಳು ಬಸ್ಸಿಗೆ ಹೋಗುತ್ತೇನೆ ಅಂದಾಗ ಗೂಡಿನಿಂದಲೇ ಕೈ ಮುಗಿದ.

ಮಂಗಳವಾರ ಸಂಜೆ ಟೀ ತಂದ ಸಿದ್ದಲಿಂಗಮ್ಮ ಕಿಂಡಿಗೆ ಬಾಗಿ ಮೆಲ್ಲಗೆ ಹೇಳಿದಳು.

"ಬಸವಕ್ಕನ ಕೇಳಾನ."

"ಯಾವ ಬಸವಕ್ಕ?"

"ಯಾವ್ಳು ಅಂತ ಗೊತ್ತಿಲ್ವಾ? ಎಲೆ ಬಸವಕ್ಕ. ಅವ್ಳು ಎದ್ದು ಬಾ ಅಂದ್ರೆ ಮಾರ್ಕೆಟ್ನಾಗೆ ಇಪ್ಪತ್ತು ಜನ ಎದ್ದು ಬತ್ತಾರೆ."

"ಪ್ರಾಣ ಹೋದ್ರೂ ಅವಳ ಮುಂದೆ ಹೋಗಿ ನಿಂತ್ಕಳಲ್ಲ ನಾನು!"

"ನಿಮ್ಮನ್ನ ಯಾರು ಕರೆದ್ರು? ನೀವು ಗೂಡು ಬುಟ್ಟು ಬರಂಗೂ ಇಲ್ಲ."

"ನೀನೂ ಹೋಗ್ಬೇಡ."

ಸಿದ್ದಲಿಂಗಮ್ಮ ಲೋಟ ತೆಗೆದುಕೊಂಡಳು. "ನನ್ನ ಹಲಗೆ ಕೆಳಗೆ ನಿಲ್ಲಿಸ್ದೋರ ಮೇಲೆ ಏಳು ತಿಂಗ್ಳಿಂದ ಹಲ್ಲು ಕಡೀತಿದ್ದೀರಿ. ಬಸವಕ್ಕನ ಅದೇ ಜಾಗ್ದಲ್ಲಿ ನಿಲ್ಲಿಸ್ದೋರು ಯಾರು?"

ಮಂಟಯ್ಯ ಟಿಕೆಟ್ಟಿನ ಕಟ್ಟನ್ನು ಎತ್ತಿಕೊಂಡು ಎಣಿಸತೊಡಗಿದ.

ಅವನು ಏಜೆಂಟಾದ ಹೊಸದರಲ್ಲಿ ನಡೆದದ್ದು ಅದು. ಬಸವಮ್ಮ ನಂಜನಗೂಡಿನಾಚೆಯ ಕರಿಯನಹುಂಡಿಯವಳು. ಗಂಡ ಸತ್ತ ಮೇಲೆ ವೀಳ್ಯದೆಲೆ ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು. ಒಂದು ಸಂಜೆ ಉಳಿದ ಎಲೆಯ ಕುಕ್ಕೆ ಹೊತ್ತು ವಾಪಸ್ ಹೋಗಲು ನಿಂತಿದ್ದಳು. ಅವಳ ಕೈಯಲ್ಲಿ ಟಿಕೆಟ್ ಇತ್ತು, ಕುಕ್ಕೆಗೆ ಲಗೇಜ್ ಚೀಟಿ ಇರಲಿಲ್ಲ. ಏಜೆಂಟಿಗೆ ಟಿಕೆಟ್ ಮಾರುವ ಅಧಿಕಾರ ಬಿಟ್ಟರೆ ಕೇಳುವ ಅಧಿಕಾರ ಯಾವುದೂ ಇಲ್ಲ. ಆದರೆ ಮಂಟಯ್ಯನಿಗೆ ಹೊಸ ಗೂಡು, ಹೊಸ ಮುದ್ರೆ. ಮೂಟೆ ಹೊತ್ತವನನ್ನು ಜನ ಈಗ ರೀ ಎಂದು ಕರೆಯುತ್ತಿದ್ದರು. ಚೀಟಿ ಎಲ್ಲಿ ಅಂದ. "ನಿಮ್ಮಪ್ಪ ಸಿದ್ದಪ್ಪಾಜಿ ಇದ್ದಾಗ್ಲೇ ಯಾರೂ ಕೇಳ್ಲಿಲ್ಲ, ನೀನ್ಯಾವ ದೊಡ್ಡ ಲಾಟ್ ಸಾಹೇಬ ಕಣಪ್ಪ?" ಎಂದಳು ಅವಳು. ಸುತ್ತಲಿನವರು ನಕ್ಕರು. ಅವನು ಕುಕ್ಕೆಗೆ ಕೈ ಹಾಕಿ ಎಳೆದ. ಕಟ್ಟಿಟ್ಟಿದ್ದ ಎಲೆಯ ಕವಳಿಗೆಗಳು ಬಿಚ್ಚಿ ಪ್ಲಾಟ್‌ಫಾರಂ ತುಂಬ ಹರಡಿದವು. ಗಾಡಿ ಬಂತು, ಹೋಯಿತು. ಹಲಗೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎಲೆಯನ್ನು ಸೆರಗಿನಲ್ಲಿ ಒರೆಸಿ ಜೋಡಿಸುತ್ತಿದ್ದ ಬಸವಮ್ಮನನ್ನು ಅವನು ಕಿಂಡಿಯಿಂದ ನೋಡಿದ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ. ಏಳಬೇಕು ಅನ್ನಿಸಿತು, ಏಳಲಿಲ್ಲ. ಆ ಮೇಲೆ ಅವಳು ಗುಂಡುತೋಪಿನಲ್ಲಿ ಒಂದು ದಿನವೂ ಇಳಿಯಲಿಲ್ಲ.

ಸಿದ್ದಲಿಂಗಮ್ಮ ಲೋಟ ತೊಳೆದಿಟ್ಟು, ಗೂಡಿನ ಮುಂದೆ ಬಂದು, "ಒಂದು ಟಿಕೆಟ್ ಒತ್ತಿ," ಅಂದಳು. ಅವನು ಒತ್ತಿದ. ಅವಳು ಗೇಟು ದಾಟಿ ಮಾರ್ಕೆಟ್ಟಿನ ಕಡೆ ಹೋದಳು.

ಬುಧವಾರ ಬೆಳಗಿನ ಗಾಡಿ ಬಂದು ನಿಂತಾಗ ಮೊದಲು ಇಳಿದದ್ದು ಕುಕ್ಕೆ. ಅದರ ಹಿಂದೆ ಇನ್ನೊಂದು. ಆಮೇಲೆ ಸೇವಂತಿಗೆಯ ಮೂಟೆ, ನುಗ್ಗೆಕಾಯಿಯ ಹೊರೆ, ಬಾಳೆ ಎಲೆಯ ಸುರುಳಿ. ಅವುಗಳ ಕೆಳಗೆ ಹೆಂಗಸರು. ಮನೋಹರ್ ಕುರ್ಚಿಯಿಂದ ಎದ್ದು ನಿಂತು ಗೀಟು ಎಳೆಯತೊಡಗಿದ.

"ಯೋ ಅಪ್ಪಯ್ಯ, ನನ್ನ ಬರ್ಕಂಡ್ಯಾ? ನಾನೊಂದು ತಲೆ!"

"ಇವ್ಳ ತಲೆ ಎರಡು ಅಂತ ಬರ್ಕ ಸಾರ್, ತುರುಬು ನೋಡು!"

"ತಲೆ ಅದೆ, ಒಳಗೇನದೆ ಅಂತ ಮಾತ್ರ ಕೇಳ್ಬೇಡಿ."

ಇಪ್ಪತ್ತೆರಡು ಜನ. ಕೊನೆಯಲ್ಲಿ ಬಸವಮ್ಮ ಇಳಿದಳು. ಹತ್ತು ವರ್ಷದಲ್ಲಿ ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಎಡಗಾಲು ಎಳೆಯುತ್ತಿತ್ತು. ಕುಕ್ಕೆ ಹೊತ್ತು ಸೀದಾ ಗೂಡಿನ ಮುಂದೆ ಬಂದು ನಿಂತು, ಕಿಂಡಿಯೊಳಗೆ ಒಂದು ಕೆಂಪು ಚೀಟಿ ತಳ್ಳಿದಳು.

"ಲಗೇಜ್ ಚೀಟಿ. ನೋಡ್ಕಂಬುಡು."

ಮಂಟಯ್ಯ ಚೀಟಿಯನ್ನು ನೋಡಿದ.

"ಬಸವಕ್ಕ..."

"ನಿಂಗೋಸ್ಕರ ಅಲ್ಲ ಕಣಪ್ಪ. ನಿನ್ನೆಂಡ್ತಿ ನಿನ್ನೆ ನನ್ನ ಮುಂದೆ ಕಣ್ಣೀರಾಕ್ಲಿಲ್ಲ, ಕಾಲಿಡೀಲಿಲ್ಲ. ಎಲೆ ಜೋಡಿಸ್ಕೊಡ್ತಾ ಕುಂತ್ಕಂಡು, ಮನೆ ಬಾಗ್ಲು ಮುಚ್ತಾರಂತೆ ಬಸವಕ್ಕ ಅಂತು. ಅಷ್ಟೇ ಅಂದಿದ್ದು. ಒಳಗೋಗೋ ಬಾಗ್ಲು ಇಲ್ದೇ ಹೋದ್ರೂ ತಡ್ಕಬೌದು ಕಣಪ್ಪ, ಹೊರೀಕ್ ಬರೋ ಬಾಗ್ಲು ಇಲ್ದಿದ್ರೆ ಹೆಣ್ಣೆಂಗ್ಸು ಹೆಂಗೆ ಬದುಕ್ತದೆ?"

ಹೇಳಿ, ಅವಳು ಹೆಂಗಸರ ಹಿಂದೆ ಗೇಟು ದಾಟಿದಳು. ಸಂಜೆ ಅದೇ ಇಪ್ಪತ್ತೆರಡು ಜನ ಖಾಲಿ ಕುಕ್ಕೆ ಹೊತ್ತು ತಿರುಗಿ ಬಂದು, ಕಾಸು ಕೊಟ್ಟು ಟಿಕೆಟ್ ಕೊಂಡು, ಗಾಡಿ ಹತ್ತಿದರು. ಉಚಿತದ ಬಸ್ಸು ಅವರ ಕಣ್ಣ ಮುಂದೆಯೇ ರಸ್ತೆಯಲ್ಲಿ ಹೋಗುತ್ತಿತ್ತು. ಮಂಟಯ್ಯ ಒಬ್ಬೊಬ್ಬರಿಗೂ ಮುದ್ರೆ ಒತ್ತಿ ಕೊಟ್ಟ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವನ ಕೈ ಅಷ್ಟು ನಿಧಾನವಾಗಿರಲಿಲ್ಲ. ಬಸವಮ್ಮನ ಸರದಿ ಬಂದಾಗ ಅವಳ ಕಾಸನ್ನು ಕಿಂಡಿಯಿಂದ ವಾಪಸ್ ತಳ್ಳಿದ. ಅವಳು ಅದನ್ನು ತಿರುಗಿ ಒಳಕ್ಕೆ ತಳ್ಳಿದಳು.

"ಪುಕ್ಸಟ್ಟೆ ಬೇಕಾಗಿದ್ರೆ ಬಸ್ಸಿಗೋಗ್ತಿರ್ಲಿಲ್ವಾ?"

ಗುರುವಾರ, ಶುಕ್ರವಾರ ಹೀಗೆಯೇ. ಶನಿವಾರ ನಾಲ್ವರು ಬರಲಿಲ್ಲ. ಅಷ್ಟು ದೂರ ಹೊರೆ ಹೊತ್ತು ನಡೆದು ವ್ಯಾಪಾರಕ್ಕೆ ತಡವಾಗುತ್ತದೆ, ಹೂವು ಬಾಡುತ್ತದೆ ಎಂದು ಅವರ ಗಂಡಂದಿರ ಗೊಣಗಾಟ. ಬಸವಮ್ಮ ಆ ನಾಲ್ವರ ಬದಲು ತನ್ನ ಮಗಳನ್ನೂ ಅಳಿಯನನ್ನೂ ಅಳಿಯನ ಅಕ್ಕತಂಗಿಯರನ್ನೂ ಹೊರಡಿಸಿಕೊಂಡು ಬಂದಳು. ಅಳಿಯ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಾಳೆ ಎಂದುಕೊಂಡು ಬಂದಿದ್ದನಂತೆ. ಅವಳು ಅವನನ್ನು ಗೇಟಿನವರೆಗೆ ನಡೆಸಿ, "ಆಯ್ತು, ಸಂಜೆ ಗಾಡಿಗೆ ಬಂದ್ಬುಡು," ಅಂದಳು. ಅವಳ ಎಡಗಾಲು ಆಗಲೇ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಸಿದ್ದಲಿಂಗಮ್ಮ ಕುಕ್ಕೆ ಇಸಿದುಕೊಂಡು ಮಾರ್ಕೆಟ್ಟಿನ ತನಕ ತಾನೇ ಹೊತ್ತಳು. ಭಾನುವಾರ ಬಸವಮ್ಮ ಬರಿಗಾಲಲ್ಲಿ ಇಳಿದಳು.

ಭಾನುವಾರ ಸಂಜೆ ಕೊನೆಯ ಗಾಡಿ ಹೋದ ಮೇಲೆ ಮನೋಹರ್ ಗೀಟುಗಳನ್ನು ಎರಡು ಸಲ ಕೂಡಿದ. ಐನೂರ ಎರಡು.

"ಯಜಮಾನ್ರೇ, ಈ ಹೆಂಗಸರು ಬುಧವಾರದಿಂದ ಯಾಕೆ ಬಂದ್ರು ಅಂತ ನಾನು ಕೇಳಲ್ಲ. ಗಾಡಿ ಹತ್ತಿದ್ರು, ಇಳಿದ್ರು, ಕಾಸು ಕೊಟ್ರು. ನಾನು ಕಂಡದ್ದನ್ನ ಬರೀತೀನಿ."

ಒಂದು ತಿಂಗಳಿಗೆ ಕಾಗದ ಬಂತು. ಹಾಲ್ಟು ಇನ್ನೊಂದು ವರ್ಷ ಮುಂದುವರಿಯುತ್ತದೆ. ಆದರೆ ಲೆಕ್ಕದಲ್ಲಿ ಅನುಮಾನ ಬಂದಿದ್ದರಿಂದ ಯಾವಾಗ ಬೇಕಾದರೂ ತಪಾಸಣೆಗೆ ಬರುತ್ತಾರೆ. ಗಾಡಿ ಹೊತ್ತಿಗೆ ಏಜೆಂಟ್ ಖುದ್ದಾಗಿ ಗೂಡಿನಲ್ಲಿರಬೇಕು, ಮನೆಯವರನ್ನು ಕೂರಿಸುವಂತಿಲ್ಲ. ಒಂದು ಸಲ ಇಲ್ಲದಿದ್ದರೂ ಕರಾರು ರದ್ದು. ನಯನಾ ಅದನ್ನು ಓದಿ ಹೇಳಿದಾಗ ಮಂಟಯ್ಯ ಕಾಗದವನ್ನು ಮಡಿಸಿ ಮುದ್ರೆಯ ಡಬ್ಬದ ಕೆಳಗಿಟ್ಟ. ಮನೆಯವರಿಗೆಲ್ಲ ಪಾಸ್ ಮಾಡಿಸಿದ. ಅವರು ಈಗ ಓಡಾಡುತ್ತಾರೆ. ಅವನು ಮಾತ್ರ ಬೆಳಗ್ಗೆ ಆರಕ್ಕೆ ಗೂಡು ಸೇರಿದರೆ ರಾತ್ರಿ ಎಂಟೂವರೆಗೆ ಹೊರಗೆ. ನಂಜುಂಡಸ್ವಾಮಿಯ ಮಗಳ ಮದುವೆ ಅದೇ ಊರಿನ ಕೆಸರೆಯ ಛತ್ರದಲ್ಲಿ ನಡೆಯಿತು, ಅದಕ್ಕೂ ಹೋಗಲಿಲ್ಲ. ಮನೆಗೆ ಬಾಗಿಲು ಉಳಿಯಿತು, ಬಾಗಿಲಿಗೆ ಅವನೇ ಅಗುಳಿಯಾದ.

ಬಸವಮ್ಮ ಆ ಭಾನುವಾರದ ನಂತರ ಬರಲಿಲ್ಲ. ಕಾಲಿಗೆ ಏನೋ ಆಗಿದೆ, ಎಲೆ ವ್ಯಾಪಾರ ಮಗಳಿಗೆ ಬಿಟ್ಟಿದ್ದಾಳೆ, ಕರಿಯನಹುಂಡಿಯ ಜಗಲಿ ಬಿಟ್ಟು ಇಳಿಯುವುದಿಲ್ಲ ಎಂದು ಆ ಕಡೆಯಿಂದ ಬರುವವರು ಹೇಳಿದರು. ಕೇಳಿದ ದಿನ ಮಂಟಯ್ಯ ಗಾಡಿ ಹತ್ತುವ ಒಬ್ಬ ಹೆಂಗಸಿನ ಕೈಯಲ್ಲಿ ಹೇಳಿ ಕಳಿಸಿದ. ಹತ್ತು ವರ್ಷದ ಹಿಂದಿನದು ನಂದೇ ತಪ್ಪು, ಈಗಿನ ಉಪಕಾರ ಸಾಯೋಗಂಟ ಮರೆಯಲ್ಲ. ಅಷ್ಟು ಹೇಳುವುದಕ್ಕೇ ಅವನ ಬೆನ್ನು ಬೆವತಿತ್ತು. ಎರಡನೇ ದಿನ ಅದೇ ಹೆಂಗಸು ಉತ್ತರ ತಂದಳು.

"ಚೀಟಿ ಕೇಳಿದ್ದು ಅವನ ಬಾಯಿ. ಬೇರೆಯೋರ ಬಾಯಿ ಯಾಕೆ ಬೇಕು? ಅವ್ನೇ ಬಂದು ಹೇಳ್ಲಿ ಅಂತು ಕಣಣ್ಣ."

ಮಂಟಯ್ಯ ಲೆಕ್ಕ ಹಾಕಿದ. ಬೆಳಗಿನ ಗಾಡಿಗೆ ಹೋದರೆ ಮಧ್ಯಾಹ್ನದ ಗಾಡಿಗೇ ವಾಪಸ್ಸು. ನಡುವೆ ಎರಡು ಗಾಡಿ ತಪ್ಪುತ್ತವೆ. ಬಸ್ಸಿಗೆ ಹೋದರೂ ಕರಿಯನಹುಂಡಿಯ ತನಕ ನಡೆಯಬೇಕು, ಒಂದು ಗಾಡಿಯಾದರೂ ತಪ್ಪುತ್ತದೆ. ರಾತ್ರಿ ಹೋಗಿ ರಾತ್ರಿಯೇ ಬರೋಣ ಅಂದರೆ ಮುದುಕಿಯನ್ನು ಎಬ್ಬಿಸಿ ತಪ್ಪಾಯ್ತು ಅನ್ನುವುದು ಹೇಗೆ? ಹತ್ತು ಸಲ ಹಾಕಿದರೂ ಲೆಕ್ಕ ಕೂಡಲಿಲ್ಲ. ಕೂಡದೇ ಇದ್ದದ್ದರಲ್ಲಿ ಅವನಿಗೆ ಸ್ವಲ್ಪ ನೆಮ್ಮದಿಯೂ ಇತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಸಿದ್ದಲಿಂಗಮ್ಮನಿಗೆ ಹೇಳದೆಯೂ ಗೊತ್ತಿತ್ತು.

ಅವಳು ಎರಡು ಸಲ ಹೋಗಿ ಬಂದಳು. ಕಾಲಿಗೆ ಎಣ್ಣೆ ತೀಡಿ, ಅನ್ನ ಬೇಯಿಸಿಟ್ಟು, ಒಂದು ದಿನ ಇದ್ದು ಬಂದಳು. ಎರಡನೇ ಸಲ ಸಂಜೆಯ ಗಾಡಿಗೆ ಇಳಿದವಳು ಮನೆಗೆ ಹೋಗದೆ ಗೂಡಿನ ಮುಂದೆಯೇ ನಿಂತಳು.

"ಹೆಂಗವಳೆ?" ಎಂದು ಕೇಳಿದ.

"ಅಂಗೇ ಅವಳೆ. ಹೆಚ್ಚು ದಿನ ಇರಾಂಗೆ ಕಾಣಲ್ಲ. ಒಂದೇ ಮಾತು ಕೇಳ್ತು, ಬತ್ತಾನಂತಾ ಅಂತ. ನಾನೇನು ಹೇಳ್ಲಿ?"

ಕಿಂಡಿಯ ಮುಂದೆ ಮೂವರು ನಿಂತಿದ್ದರು, ಒಬ್ಬನ ಕೈಯಲ್ಲಿ ನೂರರ ನೋಟು. ಮಂಟಯ್ಯ ಮುದ್ರೆ ಎತ್ತಿಕೊಂಡು, "ಎಲ್ಲಿಗೆ?" ಎಂದು ಅವನನ್ನು ಕೇಳಿದ.